ಶುಗರ್ ಫ್ರೀ ಮೈಸೂರು ಪಾಕ್: 420 ರೂಪಾಯಿ, ಎಂಟು ತುಂಡು, ಒಂದು ಗ್ಲುಕೋಮೀಟರ್

ಮೊದಲೇ ಹೇಳಿಬಿಡುತ್ತೇನೆ, ರುಚಿ ಪರವಾಗಿಲ್ಲ. ತುಪ್ಪ ಒಳ್ಳೆಯದೇ ಹಾಕಿದ್ದಾರೆ, ಡಬ್ಬಿ ತೆಗೆದ ಕೂಡಲೇ ಘಮ್ ಅನ್ನುತ್ತದೆ. ಆದರೂ ಐದಕ್ಕೆ ಎರಡೇ ಅಂಕ ಕೊಟ್ಟಿದ್ದೇನೆ. ಯಾಕೆಂದರೆ ಡಬ್ಬಿಯ ಮೇಲೆ ಬರೆದಿದ್ದಕ್ಕೂ, ಅಂಗಡಿಯವನು ಹೇಳಿದ್ದಕ್ಕೂ, ನನ್ನ ಬೆರಳಿನಿಂದ ಬಂದ ಒಂದು ತೊಟ್ಟು ರಕ್ತ ಹೇಳಿದ್ದಕ್ಕೂ ತಾಳೆಯೇ ಆಗಲಿಲ್ಲ.

ನನ್ನ ಬಗ್ಗೆ ಸ್ವಲ್ಪ. ಮೈಸೂರಿನವಳು, ಹೈಸ್ಕೂಲ್ ಟೀಚರ್, ವಯಸ್ಸು 51. ಶುಗರ್ ಬಂದು ಆರು ವರ್ಷ ಆಯಿತು, ಟೈಪ್ 2. ಮೆಟ್‌ಫಾರ್ಮಿನ್ ಜೊತೆ ಗ್ಲಿಮೆಪಿರೈಡ್ ಮಾತ್ರೆ ತಗೊಳ್ತೇನೆ. ಅನ್ನ ಕಡಿಮೆ ಮಾಡೋದು ನನಗೆ ಕಷ್ಟ ಆಗಲೇ ಇಲ್ಲ. ಕಷ್ಟ ಆಗಿದ್ದು ಸಿಹಿ. ಸಂಜೆ ನಾಲ್ಕೂವರೆಗೆ ಸ್ಕೂಲಿನಿಂದ ಬಂದು ಚಪ್ಪಲಿ ಬಿಡುವ ಹೊತ್ತಿಗೇ ನಾಲಿಗೆ ಏನೋ ಕೇಳೋಕೆ ಶುರು ಮಾಡುತ್ತದೆ. ಆಮೇಲೆ ರಾತ್ರಿ ಹತ್ತಕ್ಕೆ ಇನ್ನೊಂದು ಸಲ. ಮನೆಯವರು ಮಲಗಿರ್ತಾರೆ, ನಾನು ಫ್ರಿಜ್ ಬಾಗಿಲು ತೆಗೆದು ಅದರ ಬೆಳಕಲ್ಲಿ ಸುಮ್ನೆ ನಿಂತಿರ್ತೇನೆ. ಇದು ನನ್ನೊಬ್ಬಳ ಕಥೆ ಅಲ್ಲ ಅಂತ ಗೊತ್ತು. ಐಸಿಎಂಆರ್ ಸಮೀಕ್ಷೆಯ ಲೆಕ್ಕ 2023ರಲ್ಲಿ ಬಂತಲ್ಲ, ದೇಶದಲ್ಲಿ 10.1 ಕೋಟಿ ಜನರಿಗೆ ಡಯಾಬಿಟಿಸ್ ಇದೆ ಅಂತ. ಅದರಲ್ಲಿ ಎಷ್ಟು ಜನ ರಾತ್ರಿ ಹತ್ತಕ್ಕೆ ಫ್ರಿಜ್ ಮುಂದೆ ನಿಂತಿರ್ತಾರೋ!

ಅಂಗಡಿಯ ಹೆಸರು ಬರೆಯೋದಿಲ್ಲ. ನಮ್ಮ ಕಡೆ ಹೊಸದಾಗಿ ತೆರೆದಿದ್ದು, ಪಾಪ, ಹುಡುಗರು ಮರ್ಯಾದೆಯಿಂದ ಮಾತಾಡ್ತಾರೆ. ಇಂಥ ಡಬ್ಬಿ ಈಗ ಎಲ್ಲ ಕಡೆ ಸಿಗುತ್ತದೆ, ಹಾಗಾಗಿ ಒಂದೇ ಅಂಗಡಿ ಮೇಲೆ ಹಾಕೋದು ನ್ಯಾಯ ಅಲ್ಲ. ಗಾಜಿನ ಒಳಗೆ ಪ್ರತ್ಯೇಕ ಹಸಿರು ಬೋರ್ಡು, "ಶುಗರ್ ಫ್ರೀ, ಡಯಾಬಿಟಿಕ್ ಸ್ಪೆಷಲ್". ಕೇಳಿದೆ, "ಎಷ್ಟು ತಿನ್ನಬಹುದಪ್ಪಾ?" ಅಂತ. "ಮೇಡಂ, ಇದರಲ್ಲಿ ಸಕ್ಕರೆನೇ ಇಲ್ಲ, ಎಷ್ಟು ಬೇಕಾದ್ರೂ ತಿನ್ನಿ" ಅಂದ. ಕಾಲು ಕೆ.ಜಿ. 420 ರೂಪಾಯಿ. ಮಾಮೂಲಿ ಮೈಸೂರು ಪಾಕಿಗಿಂತ ತುಂಬಾನೇ ಜಾಸ್ತಿ. ಆದರೆ ಆರು ವರ್ಷದಲ್ಲಿ ನನಗೆ ಯಾರೂ "ಎಷ್ಟು ಬೇಕಾದ್ರೂ ತಿನ್ನಿ" ಅಂದಿರಲಿಲ್ಲ. ಆ ಮಾತಿಗೇ ಅರ್ಧ ದುಡ್ಡು ಕೊಟ್ಟೆ ಅಂದ್ಕೊಳ್ಳಿ.

ಮನೆಗೆ ಬಂದು ಊಟ ಆದ ಮೇಲೆ ಎರಡು ತುಂಡು ತಿಂದೆ. ಎರಡು ಗಂಟೆ ಬಿಟ್ಟು, ಇನ್ನೊಂದು ತುಂಡಿನ ತುದಿ ಮುರಿದು ಬಾಯಿಗೆ ಹಾಕಿಕೊಂಡು ಗ್ಲುಕೋಮೀಟರ್ ತೆಗೆದೆ. 318! ಎದೆ ಧಸಕ್ ಅಂತು. ಮಗಳು ಪಕ್ಕದಲ್ಲೇ ಕೂತಿದ್ದಳು, "ಅಮ್ಮಾ, ಕೈ ತೊಳೆದ್ಯಾ?" ಅಂದಳು. ತೊಳೆದಿರಲಿಲ್ಲ. ಬೆರಳ ತುದಿಯಲ್ಲಿ ಸಿಹಿತಿಂಡಿಯ ಜಿಡ್ಡು ಇತ್ತು. ಅದನ್ನು ಸುಮ್ನೆ ಸೀರೆ ಸೆರಗಿಗೆ ಒರೆಸಿಕೊಂಡಿದ್ದೆ ಅಷ್ಟೆ. ಊಟಕ್ಕೆ ಮುಂಚೆ ಮಗಳಿಗೆ ಅಂತ ಬಾಳೆಹಣ್ಣೂ ಸುಲಿದಿದ್ದೆ. ಹಣ್ಣಿನ ರಸ ಬೆರಳಲ್ಲಿದ್ದರೆ ಮೀಟರ್ ಹುಚ್ಚಾಪಟ್ಟೆ ಜಾಸ್ತಿ ತೋರಿಸುತ್ತದೆ. ಸೋಪು ಹಾಕಿ ತೊಳೆದು, ಚೆನ್ನಾಗಿ ಒರೆಸಿ, ಬೇರೆ ಬೆರಳಿನ ಪಕ್ಕದಲ್ಲಿ ಚುಚ್ಚಿ ನೋಡಿದೆ. 187. ಮೀಟರಿಗೆ ಹಾಕುವ ಒಂದು ಸ್ಟ್ರಿಪ್ ದಂಡ ಆಯಿತು, ಒಂದು ಪಾಠ ಸಿಕ್ಕಿತು. ಹೊಸದಾಗಿ ಮೀಟರ್ ತಗೊಂಡವರಿಗೆ ಹೇಳ್ತಿದ್ದೇನೆ, ದಯವಿಟ್ಟು ಕೈ ತೊಳೆಯಿರಿ. ಸ್ಪಿರಿಟ್ ಹತ್ತಿ ಇದ್ದರೂ ಸೋಪು ನೀರೇ ವಾಸಿ. ಆಮೇಲೆ ಕೈ ಪೂರ್ತಿ ಒಣಗಿರಬೇಕು.

187 ಅಂದರೆ ಆಕಾಶ ಬಿದ್ದಿಲ್ಲ. ಊಟ ಆದ ಎರಡು ಗಂಟೆಗೆ 180ರ ಒಳಗೆ ಇರಲಿ ಅಂತ ನಮ್ಮ ಡಾಕ್ಟರ್ ಹೇಳಿದ್ದಾರೆ, ಸುಮಾರು ಜನಕ್ಕೆ ಇದೇ ಗುರಿ. ಆದರೆ ಅದೇ ಊಟ, ಅಂದರೆ ಎರಡು ಚಪಾತಿ, ಹುರುಳಿಕಾಯಿ ಪಲ್ಯ, ಒಂದು ಬಟ್ಟಲು ಮೊಸರು, ಸಿಹಿ ಇಲ್ಲದೆ ತಿಂದಾಗ ನನ್ನದು 145ರಿಂದ 150ರ ಆಸುಪಾಸು ಬರುತ್ತದೆ. "ಸಕ್ಕರೆನೇ ಇಲ್ಲ" ಅಂದವನ ಎರಡು ತುಂಡು ಸುಮಾರು 40 ಏರಿಸಿತು. ಒಂದೇ ದಿನದ ಲೆಕ್ಕ ನಂಬಬಾರದು ಅಂತ ಇನ್ನೆರಡು ದಿನ ಹಾಗೇ ಮಾಡಿ ನೋಡಿದೆ. 179, 191. ಮನೆಯ ಮೀಟರ್ ಅಂದಮೇಲೆ ಶೇ 15ರಷ್ಟು ಆಚೀಚೆ ಇರಬಹುದು, ಅದಕ್ಕೆ ಅಷ್ಟು ಅವಕಾಶ ಇದ್ದೇ ಇದೆ. ಆದರೂ ಮೂರು ಸಲವೂ ಮೇಲಕ್ಕೇ ಹೋದರೆ ಏನೋ ಇದೆ ಅಂತ ತಾನೇ ಅರ್ಥ?

ಆಮೇಲೆ ಕನ್ನಡಕ ಹಾಕಿಕೊಂಡು ಡಬ್ಬಿಯ ಹಿಂಭಾಗ ಓದಿದೆ. ಇದನ್ನು ಅಂಗಡಿಯಲ್ಲೇ ಮಾಡಬೇಕಿತ್ತು. ಅಕ್ಷರ ಸಾಸಿವೆ ಕಾಳಿನಷ್ಟು. 100 ಗ್ರಾಮಿಗೆ ಸಕ್ಕರೆ 0.3 ಗ್ರಾಂ, ಸುಳ್ಳಲ್ಲ. 100 ಗ್ರಾಮಿಗೆ ಅರ್ಧ ಗ್ರಾಮಿಗಿಂತ ಜಾಸ್ತಿ ಸಕ್ಕರೆ ಇಲ್ಲದಿದ್ದರೆ ಶುಗರ್ ಫ್ರೀ ಅಂತ ಬರೆದುಕೊಳ್ಳೋಕೆ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಲ್ಲೇ ಜಾಗ ಇದೆ. ಅದರ ಮೇಲಿನ ಸಾಲು ನೋಡಿ, ಕಾರ್ಬೋಹೈಡ್ರೇಟ್ 48 ಗ್ರಾಂ. ಅದರಲ್ಲಿ ಪಾಲಿಯಾಲ್, ಅಂದರೆ ಸಕ್ಕರೆಯ ಬದಲಿಗೆ ಹಾಕುವ ಒಂದು ಬಗೆಯ ಸಿಹಿ, 34 ಗ್ರಾಂ. ಪದಾರ್ಥಗಳ ಪಟ್ಟಿಯಲ್ಲಿ ಮೊದಲ ಹೆಸರೇ ಮಾಲ್ಟಿಟಾಲ್, ಆ ಪಾಲಿಯಾಲ್ ಇದೇ. ಕಡಲೆ ಹಿಟ್ಟಿಗಿಂತ, ತುಪ್ಪಕ್ಕಿಂತ ಮುಂಚೆ. ಪಟ್ಟಿಯಲ್ಲಿ ಯಾವುದು ಮೊದಲು ಬರುತ್ತದೋ ಅದೇ ತೂಕದಲ್ಲಿ ಜಾಸ್ತಿ ಇರುತ್ತದೆ, ಇದೊಂದು ಗೊತ್ತಿದ್ದರೆ ಸಾಕು.

ಮಾಲ್ಟಿಟಾಲ್ ಯಾಕೆ ಹಾಕ್ತಾರೆ ಅನ್ನೋದು ಅಡುಗೆ ಮಾಡೋರಿಗೆ ಬೇಗ ಅರ್ಥ ಆಗುತ್ತದೆ. ಮೈಸೂರು ಪಾಕ್ ನಿಂತಿರೋದೇ ಪಾಕದ ಮೇಲೆ. ಹೆಬ್ಬೆರಳು ತೋರುಬೆರಳಿನ ಮಧ್ಯೆ ಒಂದೆಳೆ ಬಂದಾಗ ಹಿಟ್ಟು ಹಾಕಬೇಕು, ಬಿಸಿ ತುಪ್ಪ ಹುಯ್ದ ಹಾಗೆಲ್ಲ ಉಬ್ಬಿ ಗೂಡುಗೂಡಾಗಬೇಕು. ಸುಕ್ರಲೋಸ್ ಅನ್ನೋ ಕೃತಕ ಸಿಹಿ ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿ. ಅಂದರೆ ಒಂದು ಲೋಟ ಸಕ್ಕರೆಯ ಜಾಗಕ್ಕೆ ಚಿಟಿಕೆಯೂ ಬೇಡ. ಚಿಟಿಕೆ ಪುಡಿಯಿಂದ ಎಳೆ ಪಾಕ ಎಲ್ಲಿಂದ ಬರಬೇಕು? ಸಕ್ಕರೆಯ ಹಾಗೇ ಕರಗಿ, ಸಕ್ಕರೆಯಷ್ಟೇ ಜಾಗ ತುಂಬುವ ಏನಾದರೂ ಬೇಕು. ಮಾಲ್ಟಿಟಾಲ್ ಆ ಕೆಲಸ ಮಾಡುತ್ತದೆ, ಸಿಹಿಯೂ ಸಕ್ಕರೆಗೆ ಹತ್ತಿರ ಹತ್ತಿರ. ಆದರೆ ಅದು ಪೂರ್ತಿ ಸೊನ್ನೆ ಅಲ್ಲ. ಸಕ್ಕರೆಗೆ ಗ್ರಾಮಿಗೆ 4 ಕ್ಯಾಲರಿ ಆದರೆ ಇದಕ್ಕೆ ಎರಡು ಚಿಲ್ಲರೆ. ರಕ್ತಕ್ಕೂ ಸ್ವಲ್ಪ ನಿಧಾನವಾಗಿ, ಸ್ವಲ್ಪ ಕಡಿಮೆ ಸೇರುತ್ತದೆ, ಸೇರೋದಂತೂ ಸೇರುತ್ತದೆ. ಒಂದು ತುಂಡಿಗೆ ಸುಮಾರು 30 ಗ್ರಾಂ. ನಾನು ಎರಡು ತಿಂದೆ ಅಂದರೆ 20 ಗ್ರಾಂ ಮಾಲ್ಟಿಟಾಲ್, ಜೊತೆಗೆ ಕಡಲೆ ಹಿಟ್ಟು. ಮೀಟರ್ ಸುಳ್ಳು ಹೇಳಿಲ್ಲ.

ಡಬ್ಬಿಯ ಕೊನೆಯ ಸಾಲು ಇನ್ನೂ ಸಣ್ಣ ಅಕ್ಷರದಲ್ಲಿತ್ತು, ಪಾಲಿಯಾಲ್‌ನಿಂದ ಭೇದಿ ಆಗಬಹುದು ಅಂತ. ಇದನ್ನು ನಮ್ಮ ಮನೆಯವರು ಪರೀಕ್ಷೆ ಮಾಡಿಕೊಟ್ಟರು. ಅವರಿಗೆ ಶುಗರ್ ಇಲ್ಲ, ಆದರೆ "ಸಕ್ಕರೆ ಇಲ್ಲದ್ದು ತಾನೇ" ಅಂತ ಭಾನುವಾರ ಮಧ್ಯಾಹ್ನ ಮ್ಯಾಚ್ ನೋಡ್ತಾ ಉಳಿದಿದ್ದನ್ನೆಲ್ಲ ಖಾಲಿ ಮಾಡಿದರು. ಸಂಜೆ ಹೊತ್ತಿಗೆ ಹೊಟ್ಟೆ ಗುಡುಗುಡು. ರಾತ್ರಿ ಎರಡು ಸಲ ಎದ್ದರು. "ಏನೇ ಹಾಕಿದ್ದೀಯ ಸಾರಿಗೆ?" ಅಂತ ನನ್ನನ್ನೇ ಕೇಳ್ತಾರೆ!

ಇಷ್ಟೆಲ್ಲ ಆದ ಮೇಲೂ ಎರಡು ಅಂಕ ಯಾಕೆ ಕೊಟ್ಟೆ ಅಂದರೆ, ಒಂದೇ ತುಂಡು ತಿಂದು ನಿಲ್ಲಿಸೋ ಶಕ್ತಿ ಇರೋರಿಗೆ ಇದು ತೀರಾ ಕೆಟ್ಟದ್ದಲ್ಲ. ಸಮಸ್ಯೆ ಆ ಹಸಿರು ಬೋರ್ಡಿನದು. "ಇಲ್ಲ" ಅಂತ ಓದಿದ ಕೂಡಲೇ ಕೈ ಎರಡನೇ ತುಂಡಿಗೆ ಹೋಗುತ್ತದೆ. ನಿಜವಾದ ಮೈಸೂರು ಪಾಕ್ ಎದುರಿಗಿದ್ದರೆ ನಾನು ಎರಡು ತಿಂತಾನೇ ಇರಲಿಲ್ಲ, ಭಯ ಇರ್ತಿತ್ತು.

ಅದೇ ಅಂಗಡಿಯಲ್ಲಿ ಖರ್ಜೂರದ ಉಂಡೆಯೂ ಇತ್ತು, "ಸಕ್ಕರೆ ಸೇರಿಸಿಲ್ಲ" ಅಂತ. ಇದು ಶುಗರ್ ಫ್ರೀಗಿಂತ ಬೇರೆ ಮಾತು, ಗಮನಿಸಿ. ಸೇರಿಸಿಲ್ಲ ಅಂದರೆ ಮೇಲಿಂದ ಸುರಿದಿಲ್ಲ ಅಂತ ಅಷ್ಟೆ. ಖರ್ಜೂರದ ತೂಕದಲ್ಲಿ ಮೂರನೇ ಎರಡು ಭಾಗ ಹತ್ತಿರ ಸಕ್ಕರೆಯೇ. ಒಂದು ಉಂಡೆಯಲ್ಲಿ ಎರಡು ಮೂರು ಖರ್ಜೂರ ಅರೆದು ಸೇರಿಸಿದ್ದರೆ ನಮ್ಮ ಬೇಸನ್ ಲಾಡಿಗೂ ಅದಕ್ಕೂ ಸಕ್ಕರೆಯಲ್ಲಿ ದೊಡ್ಡ ವ್ಯತ್ಯಾಸ ಇರೋದಿಲ್ಲ. ನಾರು, ಬಾದಾಮಿ ಇದೆ, ಒಪ್ಪಿದೆ. ರುಚಿಗೆ ನಾಲ್ಕು ಅಂಕ, ನನ್ನಂಥವರಿಗೆ ಮಾರುವ ಮಾತಿಗೆ ಒಂದು.

ಬೆಲ್ಲದ ವಿಷಯಕ್ಕೆ ನಮ್ಮ ಅತ್ತಿಗೆ ಜೊತೆ ಪ್ರತಿ ಯುಗಾದಿಗೂ ಜಗಳ. "ಬೆಲ್ಲ ಅಲ್ವಾ, ಸಕ್ಕರೆ ಹಾಕಿಲ್ಲ ಕಣೇ, ಇನ್ನೊಂದು ಹೋಳಿಗೆ ಹಾಕಿಸ್ಕೋ" ಅಂತಾರೆ. ಅತ್ತಿಗೆ, ಬೆಲ್ಲದಲ್ಲಿ ಹೆಚ್ಚುಕಡಿಮೆ ಎಲ್ಲ ಸಕ್ಕರೆಯೇ, ಸ್ವಲ್ಪ ಕಬ್ಬಿಣ, ಸ್ವಲ್ಪ ಬಣ್ಣ. ಮೀಟರಿಗೆ ಬೆಲ್ಲ ಸಕ್ಕರೆ ಎರಡೂ ಒಂದೇ. ಜೇನುತುಪ್ಪಕ್ಕೂ ಇದೇ ಮಾತು.

ಸಕ್ಕರೆ ಬದಲಿಗೆ ಮನೆಯಲ್ಲಿ ಹಾಕಿಕೊಳ್ಳೋ ಹನಿ, ಪುಡಿಗಳ ಬಗ್ಗೆ ಬೇಗ ಹೇಳಿ ಮುಗಿಸ್ತೇನೆ. ಸ್ಟೀವಿಯಾ ಹನಿ ತಂದಿದ್ದೆ, ಕಾಫಿಗೆ ಎರಡು ಹನಿ ಹಾಕಿದರೆ ಕೊನೆಗೆ ಜ್ಯೇಷ್ಠಮಧು ಕಡ್ಡಿ ಚೀಪಿದ ಹಾಗೆ ಕಹಿ ಉಳಿಯುತ್ತದೆ. ಫಿಲ್ಟರ್ ಕಾಫಿಗೆ ಮಾಡಿದ ಅವಮಾನ. ಎರಿಥ್ರಿಟಾಲ್ ಪುಡಿಯಲ್ಲಿ ಶ್ಯಾವಿಗೆ ಪಾಯಸ ಚೆನ್ನಾಗಿ ಬಂತು, ಶುಗರ್ ಏರಿದ್ದು ಶ್ಯಾವಿಗೆ ಹಾಲಿನಿಂದ ಎಷ್ಟೋ ಅಷ್ಟೇ. ತಣ್ಣಗಾದ ಮೇಲೆ ಮಾತ್ರ ಬಾಯಲ್ಲಿ ಪೆಪ್ಪರ್‌ಮಿಂಟ್ ತಿಂದ ಹಾಗೆ ಒಂದು ಚಳಿ. ಆದರೆ 2023ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನವರ ಅಧ್ಯಯನ ಬಂತು, ರಕ್ತದಲ್ಲಿ ಎರಿಥ್ರಿಟಾಲ್ ಜಾಸ್ತಿ ಇದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಜಾಸ್ತಿ ಕಂಡಿತು ಅಂತ. ನಂಟು ಕಂಡಿದೆ ಅಷ್ಟೆ, ಅದೇ ಕಾರಣ ಅಂತ ಅದರಿಂದ ತೀರ್ಮಾನ ಆಗೋದಿಲ್ಲ. ಆದರೂ ಡಯಾಬಿಟಿಸ್ ಇರೋರಿಗೆ ಹೃದಯದ ಚಿಂತೆ ಮೊದಲೇ ಇರುತ್ತದೆ, ನಾನು ದಿನಾ ಬಳಸೋದು ಬಿಟ್ಟೆ. ಹಬ್ಬಕ್ಕೆ ಸಾಕು. ಅದೇ ವರ್ಷ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತೂಕ ಇಳಿಸೋಕೆ ಅಂತ ಸುಕ್ರಲೋಸ್, ಸ್ಟೀವಿಯಾದಂಥ ಸಿಹಿ ಬಳಸಬೇಡಿ ಅಂದಿದ್ದನ್ನೂ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಹತ್ತು ಸಲ ಹಾಕಿದರು. ಆ ಸಲಹೆ ಈಗಾಗಲೇ ಡಯಾಬಿಟಿಸ್ ಇರೋರನ್ನು ಬಿಟ್ಟು ಉಳಿದವರಿಗೆ ಅನ್ನೋ ಸಾಲನ್ನು ಒಬ್ಬರೂ ಓದಿರಲಿಲ್ಲ.

ಒಂದು ವಿಷಯಕ್ಕೆ ಮಾತ್ರ ನಿಲ್ಲಬೇಕು, ಯಾಕೆಂದರೆ ಇದರಲ್ಲಿ ನಾನು ಪೆಟ್ಟು ತಿಂದಿದ್ದೇನೆ. ಶುಗರ್ ಫ್ರೀ ಪೆಪ್ಪರ್‌ಮಿಂಟಿನ ಪೊಟ್ಟಣವೊಂದನ್ನು ಬ್ಯಾಗಲ್ಲಿ ಇಟ್ಟುಕೊಂಡಿದ್ದೆ, ಸಿಹಿ ಬೇಕೆನಿಸಿದಾಗ ಬಾಯಿಗೆ ಹಾಕೋಕೆ. ಒಂದು ದಿನ ತಿಂಡಿ ಸರಿಯಾಗಿ ತಿನ್ನದೆ ಮಾತ್ರೆ ಮಾತ್ರ ನುಂಗಿ ಸ್ಕೂಲಿಗೆ ಓಡಿದೆ. ಹನ್ನೊಂದೂವರೆಗೆ ಒಂಬತ್ತನೇ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಬರೀತಾ ಕೈ ನಡುಗೋಕೆ ಶುರುವಾಯಿತು, ಚಾಕ್‌ಪೀಸ್ ಬಿತ್ತು, ಬೆನ್ನೆಲ್ಲ ಬೆವರು. ಸ್ಟಾಫ್ ರೂಮಿಗೆ ಬಂದು ಬ್ಯಾಗಿನಿಂದ ಎರಡು ಪೆಪ್ಪರ್‌ಮಿಂಟ್ ಬಾಯಿಗೆ ಹಾಕಿಕೊಂಡೆ. ಏನೂ ಆಗಲಿಲ್ಲ. ಆಗೋದಾದರೂ ಹೇಗೆ, ಅದರಲ್ಲಿ ಸಕ್ಕರೆಯೇ ಇಲ್ಲವಲ್ಲ! ಮೀಟರ್ 62 ಅಂತು, ಅಂದರೆ ಶುಗರ್ ತೀರಾ ಇಳಿದುಹೋಗಿತ್ತು. ನಮ್ಮ ಪಿ.ಟಿ. ಮೇಷ್ಟ್ರು ಮಕ್ಕಳಿಗೆ ಅಂತ ಇಟ್ಟಿದ್ದ ಗ್ಲೂಕೋಸ್ ಪುಡಿ ಮೂರು ಚಮಚ ನೀರಿಗೆ ಕಲಸಿ ಕೊಟ್ಟರು, ಕಾಲು ಗಂಟೆಯಲ್ಲಿ ಮನುಷ್ಯಳಾದೆ. 70ಕ್ಕಿಂತ ಕೆಳಗೆ ಹೋದರೆ 15 ಗ್ರಾಂ ನಿಜವಾದ ಸಕ್ಕರೆ ಅಥವಾ ಗ್ಲೂಕೋಸ್, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ, ಏರದಿದ್ದರೆ ಮತ್ತೆ ಅಷ್ಟೇ. ಆಮೇಲೆ ಏನಾದರೂ ಊಟ ತಿಂಡಿ. ಇನ್ಸುಲಿನ್ ಅಥವಾ ನನ್ನ ಹಾಗೆ ಗ್ಲಿಮೆಪಿರೈಡ್ ತಗೊಳ್ಳೋರು ಬ್ಯಾಗಲ್ಲಿ ನಿಜವಾದ ಸಕ್ಕರೆಯ ಪೊಟ್ಟಣ ಇಟ್ಟುಕೊಳ್ಳಿ. ಮೈಸೂರು ಪಾಕೂ ಆ ಹೊತ್ತಿಗೆ ಬೇಡ, ತುಪ್ಪ ಜಾಸ್ತಿ ಇರೋದು ನಿಧಾನವಾಗಿ ರಕ್ತಕ್ಕೆ ಸೇರುತ್ತದೆ.

ಈ ಗಲಾಟೆಯಲ್ಲಿ ಇನ್ನೊಂದೂ ಗೊತ್ತಾಯಿತು. ಸಂಜೆ ನಾಲ್ಕೂವರೆಯ ಆಸೆ ಅರ್ಧ ಬರೀ ಹಸಿವು. ಸ್ಕೂಲಿನಲ್ಲಿ ಮಧ್ಯಾಹ್ನದ ಊಟ ಹನ್ನೆರಡೂಮುಕ್ಕಾಲಿಗೆ, ಅದೂ ನೋಟ್‌ಬುಕ್ ತಿದ್ದುತ್ತಾ. ಈಗ ಮೂರೂವರೆಗೆ ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ, ಒಂದು ಲೋಟ ಮಜ್ಜಿಗೆ. ಮನೆಗೆ ಬರುವಾಗ ನಾಲಿಗೆಯ ಗಲಾಟೆ ಎಷ್ಟೋ ಕಡಿಮೆ. ಆಮೇಲೂ ಬೇಕೆನಿಸಿದರೆ ನನ್ನ ಹತ್ತಿರ ಪುಕ್ಕಟೆ ಔಷಧಿ ಇದೆ: ನೆಲ್ಲಿಕಾಯಿ. ಬೆಟ್ಟದ ನೆಲ್ಲಿಕಾಯಿಯ ಒಂದು ಹೋಳು ಚೆನ್ನಾಗಿ ಅಗಿದು, ಒಗರು ಕಣ್ಣು ಮುಚ್ಚಿಸಿದ ಮೇಲೆ, ಒಂದು ಲೋಟ ತಣ್ಣೀರು ಕುಡೀರಿ. ನೀರು ಸಿಹಿ! ಚಿಕ್ಕಂದಿನಲ್ಲಿ ಸ್ಕೂಲಿನ ನಲ್ಲಿ ಹತ್ತಿರ ಎಲ್ಲರೂ ಮಾಡಿದ್ದೀವಿ, ಮರೆತಿದ್ದೆವು ಅಷ್ಟೆ. ಐದಕ್ಕೆ ಐದು.

ರಾತ್ರಿ ಹತ್ತರದ್ದು ಹಸಿವಲ್ಲ. ಅದಕ್ಕೆ ನೆಲ್ಲಿಕಾಯಿಯೂ ಇಲ್ಲ, ಸೋಂಪೂ ಇಲ್ಲ. ಅದಕ್ಕೆ ನಿಜವಾದದ್ದೇ ಬೇಕು. ಹಾಗಾಗಿ ನನ್ನ ಈಗಿನ ಪದ್ಧತಿ ಹೇಳ್ತೇನೆ, ಡಾಕ್ಟರ್ ಹತ್ತಿರ ಕೇಳಿಯೇ ಮಾಡಿದ್ದು, ನಿಮ್ಮ ಮಾತ್ರೆ ಬೇರೆ ಇರಬಹುದು, ನೀವೂ ಕೇಳಿ. ಸಯ್ಯಾಜಿ ರಾವ್ ರಸ್ತೆಯ ಗುರು ಸ್ವೀಟ್ ಮಾರ್ಟ್‌ಗೆ ಹೋದೆ. ಅರಮನೆಯಲ್ಲಿ ಮೈಸೂರು ಪಾಕ್ ಮಾಡಿದ ಕಾಕಾಸುರ ಮಾದಪ್ಪನವರ ವಂಶದವರ ಅಂಗಡಿ, ದೇವರಾಜ ಮಾರ್ಕೆಟ್ ಮಗ್ಗುಲಲ್ಲಿ. 100 ಗ್ರಾಂ ಕೇಳಿದೆ. "ಇಷ್ಟೇ ಸಾಕಾ ಅಮ್ಮಾ?" ಅಂದರು. ಸಾಕು ಅಂದೆ. ಮನೆಗೆ ತಂದು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಚೂಪಾದ ಚಾಕುವಿನಲ್ಲಿ ಎಂಟು ತುಂಡು ಮಾಡಿದೆ. ಒಂದೊಂದು ಸುಮಾರು 12 ಗ್ರಾಂ, ಬೆಂಕಿಪೊಟ್ಟಣದ ಅರ್ಧ ಗಾತ್ರ. ನಮ್ಮ ಮನೆಯ ಲೆಕ್ಕ ಒಂದು ಲೋಟ ಹಿಟ್ಟಿಗೆ ಎರಡು ಲೋಟ ಸಕ್ಕರೆ, ಎರಡು ಲೋಟ ತುಪ್ಪ. ಅದೇ ಹಿಡಿದರೆ ಒಂದು ತುಂಡಿನಲ್ಲಿ ಸಕ್ಕರೆ ಹೆಚ್ಚುಕಡಿಮೆ ಒಂದು ಟೀ ಚಮಚ.

ಇದನ್ನು ಹತ್ತು ಗಂಟೆಗೆ ಬರೀ ಹೊಟ್ಟೆಯ ಮೇಲೆ ಅಲ್ಲ, ಎಂಟು ಗಂಟೆಯ ಊಟದ ಕೊನೆಗೆ ತಿಂತೇನೆ. ಅವತ್ತು ಒಂದು ಚಪಾತಿ ಕಡಿಮೆ. ಮೊದಲು ಕೋಸಂಬರಿ, ಪಲ್ಯ, ಆಮೇಲೆ ಚಪಾತಿ, ಕೊನೆಗೆ ಅದು. ತಟ್ಟೆಯಲ್ಲಿ ಹಾಕಿಕೊಂಡು ಕೂತು ತಿಂತೇನೆ, ನಿಂತುಕೊಂಡು ಅಲ್ಲ. ಮೂಲೆಯಿಂದ ಹಲ್ಲಲ್ಲಿ ಸ್ವಲ್ಪ ಕಚ್ಚಿದರೆ ಮರಳು ಮರಳಾಗಿ ಕುಸಿದು ತುಪ್ಪ ನಾಲಿಗೆ ಮೇಲೆ ಹರಡುತ್ತದೆ. ಅದು ಪೂರ್ತಿ ಕರಗುವ ತನಕ ಮುಂದಿನ ಕಚ್ಚು ಇಲ್ಲ. ಐದು ಕಚ್ಚು ಬರುತ್ತದೆ, ಎಣಿಸಿದ್ದೇನೆ. ತಿಂದು ತಕ್ಷಣ ಹಲ್ಲುಜ್ಜಿ, ಚಪ್ಪಲಿ ಮೆಟ್ಟಿ, ಮನೆಯವರನ್ನು ಎಬ್ಬಿಸಿಕೊಂಡು ನಮ್ಮ ಬೀದಿ ಎರಡು ಸುತ್ತು, ಕಾಲು ಗಂಟೆ. ಊಟ ಆದ ಮೇಲಿನ ಆ ನಡಿಗೆ ಏರಿಕೆಯನ್ನು ಚೆನ್ನಾಗಿ ತಗ್ಗಿಸುತ್ತದೆ. ಎರಡು ಗಂಟೆ ಬಿಟ್ಟು 152, ಇನ್ನೊಂದು ದಿನ 158. ತುಪ್ಪದಿಂದ ಏರಿಕೆ ತಡವಾಗಿ ಬರಬಹುದು ಅಂತ ಮಗಳು ಹಠ ಹಿಡಿದು ಮೂರು ಗಂಟೆಗೂ ನೋಡಿಸಿದಳು. 149. 420 ರೂಪಾಯಿಯ ಡಬ್ಬಿಗಿಂತ ನಿಜವಾದದ್ದೇ ಮೀಟರ್ ಹತ್ತಿರ ಒಳ್ಳೆ ಹೆಸರು ತಗೊಂಡಿತು, ಯಾಕೆಂದರೆ ಅದು ಎರಡು ದೊಡ್ಡ ತುಂಡು, ಇದು ಒಂದು ಚಿಕ್ಕದು. ಜೊತೆಗೆ ಒಂದು ಚಪಾತಿ ಕಡಿಮೆ, ಕಾಲು ಗಂಟೆ ನಡಿಗೆ. ಅಷ್ಟೇ ಗುಟ್ಟು.

ವಾರಕ್ಕೆ ಎರಡು ಸಲ ಮಾತ್ರ. ಮೊದಲ ಎರಡು ವಾರ ಸಿಟ್ಟು ಬಂತು, ಈಗ ಬುಧವಾರ ಶನಿವಾರ ಕಾಯೋದೇ ಒಂಥರಾ ಖುಷಿ. ಸ್ಟ್ರಿಪ್ ಖರ್ಚು ಜಾಸ್ತಿ ಅನಿಸುತ್ತದೆ, ದಿನಾ ಚುಚ್ಚಿಕೊಳ್ಳೋ ಅಗತ್ಯ ಇಲ್ಲ, ಹೊಸದೇನಾದರೂ ತಿಂದ ದಿನ ನೋಡಿದರೆ ಸಾಕು ಅಂತ ನನ್ನ ಮಟ್ಟಿಗೆ ಮಾಡಿಕೊಂಡಿದ್ದೇನೆ.

ತುಂಡುಗಳನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನ ಕೆಳಗಿನ ತಟ್ಟಿನಲ್ಲಿ, ಸೊಪ್ಪಿನ ಹಿಂದೆ ಇಟ್ಟಿದ್ದೇನೆ. ಮುಚ್ಚಳದ ಮೇಲೆ ಎಷ್ಟಿದೆ ಅಂತ ಬರೆದ ಚೀಟಿ. ಮಂಗಳವಾರ ಏಳು ಇತ್ತು. ಬುಧವಾರ ರಾತ್ರಿ ಒಂದು ನಾನು ತಿಂದೆ. ಇವತ್ತು ನೋಡಿದರೆ ಐದು. ಚೀಟಿಯಲ್ಲಿ ಏಳನ್ನು ಹೊಡೆದು ಹಾಕಿ ಐದು ಅಂತ ಬೇರೆ ಯಾರೋ ತಿದ್ದಿದ್ದಾರೆ, ಅಕ್ಷರ ನೋಡಿದರೆ ನಮ್ಮ ಮನೆಯವರದ್ದೇ.